ಬರಿಗೈಯಲ್ಲಿ ಆಡಿದವರ ಹೆಸರು ಹೊತ್ತ ಗ್ಲೌಸ್

ಬಾಸ್ಟನ್ನಿನ ಹೊರವಲಯದ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಕಳೆದ ಏಪ್ರಿಲ್‌ನಲ್ಲಿ 165 ಡಾಲರ್ ಕೊಟ್ಟು ಕೊಂಡ ಬೇಸ್‌ಬಾಲ್ ಗ್ಲೌಸ್ ಒಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಆಡುವುದಕ್ಕೆಂದು ಕೊಂಡದ್ದಲ್ಲ, ಆದರೆ ಒಮ್ಮೆಯೂ ಆಡಿ ನೋಡದೆ ಗಾಜಿನ ಕಪಾಟಿನಲ್ಲಿ ಇಟ್ಟುಬಿಡುವುದಕ್ಕೂ ಮನಸ್ಸು ಬರಲಿಲ್ಲ. ಹಾಗಾಗಿ ಬೇಸಿಗೆಯುದ್ದಕ್ಕೂ ವಾರಕ್ಕೊಮ್ಮೆ ಮಗಳೊಡನೆ ಮನೆಯ ಹತ್ತಿರದ ಪಾರ್ಕಿನಲ್ಲಿ ಬಳಸಿ, ಅದರ ಗುಣದೋಷಗಳು ಕೈಗೆ ತಿಳಿದ ಮೇಲೆಯೇ ಈ ವಿಮರ್ಶೆಗೆ ಕೂತಿದ್ದೇನೆ. ಮಣಿಕಟ್ಟಿನ ಪಟ್ಟಿಯ ಮೇಲೆ ಹೊಲಿದಿರುವ, ಅರ್ಧ ಮಾಸಿದ ಬಟ್ಟೆಯ ಲೇಬಲ್‌ನಲ್ಲಿ ‘ರೈಟ್ ಅಂಡ್ ಡಿಟ್‌ಸನ್’ ಎಂಬ ಹೆಸರಿದೆ. ಆ ರೈಟ್ ಎಂದರೆ ಜಾರ್ಜ್ ರೈಟ್, ಸಂಬಳ ಪಡೆದು ಬೇಸ್‌ಬಾಲ್ ಆಡಿದ ಮೊದಲ ತಲೆಮಾರಿನ ಅತ್ಯಂತ ಹೆಸರಾಂತ ಶಾರ್ಟ್‌ಸ್ಟಾಪ್, ಅಂದರೆ ಆ ಹೆಸರಿನ ಸ್ಥಾನದಲ್ಲಿ ನಿಲ್ಲುವ ಫೀಲ್ಡರ್. ಅವರ ಹೆಸರಿನಲ್ಲಿ ಗ್ಲೌಸ್ ಮಾರಾಟವಾದದ್ದೇ ಒಂದು ತಮಾಷೆ, ಏಕೆಂದರೆ ಅವರಿಗೆ ಹೆಸರು ತಂದುಕೊಟ್ಟದ್ದು ಬರಿಗೈಯ ಆಟ.

ಮೊದಲು ವಸ್ತುವಿನ ವಿಚಾರ. ಕ್ರಿಕೆಟ್‌ನ ವಿಕೆಟ್ ಕೀಪರ್ ಗ್ಲೌಸ್ ನೋಡಿ ಅಭ್ಯಾಸವಿರುವವರಿಗೆ ಇದು ತೋಟದ ಕೆಲಸಕ್ಕೆ ಹಾಕುವ ದಪ್ಪ ಕೈಗವಸಿನಂತೆ ಕಾಣುತ್ತದೆ. ಈಗಿನ ಬೇಸ್‌ಬಾಲ್ ಗ್ಲೌಸ್‌ಗಳಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬುಟ್ಟಿಯಂಥ ಚರ್ಮದ ಬಲೆಯಿರುತ್ತದೆ, ಚೆಂಡು ಬಂದು ಕೂರುವುದು ಅಲ್ಲಿಯೇ. ಇದರಲ್ಲಿ ಆ ಜಾಗದಲ್ಲಿರುವುದು ಒಂದು ಅಂಗುಲ ಅಗಲದ ಚರ್ಮದ ಪಟ್ಟಿ ಮಾತ್ರ. ಬೆರಳುಗಳನ್ನು ಒಂದಕ್ಕೊಂದು ಬಿಗಿಯುವ ದಾರವೂ ಇಲ್ಲ, ಐದೂ ಬೆರಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಅಂಗೈಯ ಕೆಳಭಾಗದಲ್ಲಿ ಒಳಗೆ ತುಂಬಿದ ಉಣ್ಣೆಯ ಮೆತ್ತೆ ಕಾಲಾಂತರದಲ್ಲಿ ಗಂಟುಗಟ್ಟಿ ಒಂದು ಬದಿಗೆ ಸರಿದಿದೆ. ಚರ್ಮದ ಬಣ್ಣ ಹುಣಸೆಹಣ್ಣಿನದು. ಹೊಲಿಗೆ ಕಿರುಬೆರಳಿನ ಬುಡದಲ್ಲಿ ಎರಡು ಅಂಗುಲದಷ್ಟು ಬಿಚ್ಚಿದೆ, ಮಿಕ್ಕ ಕಡೆ ಈಗಲೂ ಗಟ್ಟಿ. ಮಣಿಕಟ್ಟಿನ ಲೋಹದ ಗುಂಡಿ ಒತ್ತಿದರೆ ಟಕ್ ಎಂದು ಕೂರುತ್ತದೆ. ಇಡೀ ವಸ್ತುವಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ.

ಮಾರಿದವರು ಇದು ಹತ್ತೊಂಬತ್ತನೆಯ ಶತಮಾನದ ವಸ್ತು ಎಂದು ಚೀಟಿ ಅಂಟಿಸಿದ್ದರು. ಮನೆಗೆ ತಂದು ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡಿದಾಗ ಲೇಬಲ್‌ನಲ್ಲಿ ‘ವಿಕ್ಟರ್’ ಎಂಬ ಇನ್ನೊಂದು ಹೆಸರೂ ಕಂಡಿತು. ವಿಕ್ಟರ್ ಎಂಬ ಕಂಪನಿಯೂ ರೈಟ್ ಅಂಡ್ ಡಿಟ್‌ಸನ್ನೂ ಒಂದುಗೂಡಿದ್ದು ಇಪ್ಪತ್ತನೆಯ ಶತಮಾನದ ಮಾತು. ಅಂದರೆ ಚೀಟಿ ಸುಳ್ಳು ಹೇಳಿತ್ತು, ನಾನು ಕೊಟ್ಟದ್ದು ಹೆಚ್ಚಿನ ಬೆಲೆ. ಅಂಗಡಿಯವರಿಗೆ ಫೋನ್ ಮಾಡಿದರೆ ಹಳೆಯ ಸಾಮಾನು ವಾಪಸ್ ತೆಗೆದುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಎಂಬ ಉತ್ತರ ಬಂತು. ಕೊಳ್ಳುವ ಮುನ್ನ ಲೇಬಲ್ಲನ್ನು ಪೂರ್ತಿ ಓದದೆ ಹೋದ ತಪ್ಪು ನನ್ನದೂ ಹೌದು. ನೀವು ಕೊಳ್ಳುವುದಾದರೆ ಅಂಗಡಿಯಲ್ಲಿಯೇ ಓದಿ.

ಈ ಹೆಸರಿನ ಹಿಂದಿರುವ ಮನುಷ್ಯನನ್ನು ಬಿಟ್ಟು ಗ್ಲೌಸ್ ಬೆಲೆಯನ್ನು ತೂಗಲಾಗದು. ಜಾರ್ಜ್ ರೈಟ್ 1847ರ ಜನವರಿ 28ರಂದು ನ್ಯೂಯಾರ್ಕ್ ರಾಜ್ಯದ ಯಾಂಕರ್ಸ್‌ನಲ್ಲಿ ಹುಟ್ಟಿದರು. ತಂದೆ ಸ್ಯಾಮ್ಯುಯೆಲ್ ಇಂಗ್ಲೆಂಡಿನಿಂದ ಬಂದ ವೃತ್ತಿಪರ ಕ್ರಿಕೆಟಿಗ, ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನ ಸಂಬಳದ ಆಟಗಾರ. ಅಣ್ಣ ಹ್ಯಾರಿ ಇಂಗ್ಲೆಂಡಿನಲ್ಲಿಯೇ ಹುಟ್ಟಿದವರು, ಜಾರ್ಜ್‌ಗಿಂತ ಹನ್ನೆರಡು ವರ್ಷ ದೊಡ್ಡವರು. ಹೀಗೆ ಅಮೆರಿಕದ ‘ರಾಷ್ಟ್ರೀಯ ಆಟ’ದ ಇಬ್ಬರು ಆದಿಪುರುಷರು ಬೆಳೆದದ್ದು ನಮಗೆ ಚಿರಪರಿಚಿತವಾದ ಬ್ಯಾಟು, ಸ್ಟಂಪುಗಳ ನಡುವೆ. ಬೇಸ್ ಎಂದರೆ ರನ್ ಗಳಿಸಲು ಓಟಗಾರ ಒಂದೊಂದಾಗಿ ಮುಟ್ಟಿ ಸುತ್ತಿ ಬರಬೇಕಾದ ತಾಣ; ಶಾರ್ಟ್‌ಸ್ಟಾಪ್ ಎಂದರೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಕಾವಲುಗಾರ. ಬಲಗೈ ಬ್ಯಾಟರ್ ಬೀಸಿ ಹೊಡೆದ ಚೆಂಡು ನೆಲ ಸವರಿಕೊಂಡು ಬರುವುದು ಹೆಚ್ಚಾಗಿ ಆ ದಿಕ್ಕಿಗೇ. ನಮ್ಮ ಲೆಕ್ಕದಲ್ಲಿ ಮಿಡ್‌ವಿಕೆಟ್‌ನಲ್ಲಿ ನಿಂತು, ಬಾಗಿ ಎತ್ತಿ, ಓಟಗಾರ ತಲುಪುವ ಮುನ್ನ ಮೈದಾನದ ಆಚೆ ತುದಿಗೆ ನೇರವಾಗಿ ಎಸೆಯಬೇಕಾದ ಕೆಲಸ. ಜಾರ್ಜ್ ಆ ಕಾಲದ ವಾಡಿಕೆಗಿಂತ ಹಿಂದಕ್ಕೆ ನಿಂತು, ತಮ್ಮ ತೋಳಿನ ಬಲವನ್ನು ನಂಬಿ, ಹೆಚ್ಚು ನೆಲವನ್ನು ಕಾಯುತ್ತಿದ್ದರು.

ಆಗ ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡುವಂತಿರಲಿಲ್ಲ, ಆದರೆ ಗುಟ್ಟಾಗಿ ಎಲ್ಲರೂ ಕೊಡುತ್ತಿದ್ದರು. 1867ರಲ್ಲಿ ಜಾರ್ಜ್ ವಾಷಿಂಗ್ಟನ್ನಿನ ನ್ಯಾಷನಲ್ಸ್ ತಂಡಕ್ಕೆ ಆಡಿದಾಗ ಕಾಗದದ ಮೇಲೆ ಅವರು ಸರ್ಕಾರಿ ಗುಮಾಸ್ತ. ಅವರ ಕಚೇರಿಯದೆಂದು ಕೊಟ್ಟಿದ್ದ ವಿಳಾಸದಲ್ಲಿ ಇದ್ದದ್ದು ಒಂದು ಸಾರ್ವಜನಿಕ ಉದ್ಯಾನ. ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಹಾಜರಿ ಹಾಕಿ ಮೈದಾನಕ್ಕೆ ಹೋಗುತ್ತಿದ್ದ ಕ್ರೀಡಾ ಕೋಟಾದ ಆಟಗಾರರನ್ನು ಕಂಡವರಿಗೆ ಈ ಕಥೆ ಹೊಸದೆನಿಸದು. ಅವರಿಗೆ ಕೂರಲು ಕುರ್ಚಿಯಾದರೂ ಇರುತ್ತಿತ್ತು ಎಂಬುದಷ್ಟೇ ವ್ಯತ್ಯಾಸ.

ಎರಡು ವರ್ಷಗಳ ಬಳಿಕ ಈ ನಾಟಕ ಮುಗಿಯಿತು. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡ ಹತ್ತೂ ಆಟಗಾರರಿಗೆ ಸಂಬಳ ಕೊಡುವುದಾಗಿ ಬಹಿರಂಗವಾಗಿಯೇ ಸಾರಿತು. ನಾಯಕನೂ ತರಬೇತುದಾರನೂ ಆಗಿದ್ದ ಅಣ್ಣ ಹ್ಯಾರಿಗೆ 1,200 ಡಾಲರ್, ಶಾರ್ಟ್‌ಸ್ಟಾಪ್ ಆಗಿದ್ದ ತಮ್ಮ ಜಾರ್ಜ್‌ಗೆ 1,400 ಡಾಲರ್. ಅಣ್ಣನಿಗಿಂತ ತಮ್ಮನಿಗೆ ಹೆಚ್ಚು! ಬದಲಿ ಆಟಗಾರನಿಗೆ 600, ಇಡೀ ತಂಡದ ಸಂಬಳದ ಖರ್ಚು 9,300. ಆ ವರ್ಷವಷ್ಟೇ ಪೂರ್ಣಗೊಂಡಿದ್ದ ಖಂಡದಗಲದ ರೈಲು ಮಾರ್ಗದಲ್ಲಿ ಸಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಬಂದ ತಂಡ ಆ ಋತುವಿನಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. 57 ಪಂದ್ಯಗಳ ಆ ಲೆಕ್ಕದಲ್ಲಿ ಜಾರ್ಜ್ ಹೆಸರಿನ ಮುಂದೆ 49 ಹೋಮ್ ರನ್‌ಗಳೂ (ತಮ್ಮ ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬಂದದ್ದು) .633ರ ಬ್ಯಾಟಿಂಗ್ ಸರಾಸರಿಯೂ (ಹತ್ತು ಸಲ ಬ್ಯಾಟ್ ಹಿಡಿದರೆ ಆರಕ್ಕೂ ಹೆಚ್ಚು ಸಲ ಯಶಸ್ವಿ ಹೊಡೆತ) ದಾಖಲಾಗಿವೆ. ಎದುರಾಳಿಗಳಲ್ಲಿ ಹಲವರು ಎಳಸು ಹವ್ಯಾಸಿ ತಂಡಗಳು ಎಂಬುದನ್ನು ನೆನಪಿಟ್ಟುಕೊಂಡೇ ಆ ಅಂಕಿಗಳನ್ನು ಓದಬೇಕು.

ಗ್ಲೌಸ್ ಕೈಗೆ ಹಾಕಿಕೊಂಡಾಗಲೆಲ್ಲ ನನಗೆ ನೆನಪಾಗುವುದು ಮಾತ್ರ ಆ ಗೆಲುವುಗಳಲ್ಲ, 1870ರ ಜೂನ್ 14ರಂದು ಬ್ರೂಕ್ಲಿನ್ನಿನ ಅಟ್ಲಾಂಟಿಕ್ಸ್ ವಿರುದ್ಧ ಕಂಡ ಮೊದಲ ಸೋಲು. ಎರಡೂ ತಂಡಗಳು ಸರದಿಯಂತೆ ಬ್ಯಾಟ್ ಮಾಡುವ ಒಂಬತ್ತು ಇನಿಂಗ್ಸ್ ಮುಗಿದಾಗ 5–5 ಸಮ. ಹತ್ತನೆಯ ಇನಿಂಗ್ಸ್‌ನಲ್ಲಿ ಬ್ರೂಕ್ಲಿನ್ನಿನ ಇಬ್ಬರು ಓಟಗಾರರು ಬೇಸ್‌ಗಳ ಮೇಲಿದ್ದಾಗ ಜಾರ್ಜ್ ಕಡೆಗೆ ಸುಲಭದ ಚೆಂಡೊಂದು ಗಾಳಿಯಲ್ಲಿ ಏರಿತು. ಕ್ಯಾಚ್ ಆದರೆ ಓಟಗಾರರು ತಮ್ಮ ಬೇಸ್‌ನಲ್ಲಿಯೇ ಇರಬೇಕು, ಚೆಂಡು ನೆಲಕ್ಕೆ ಬಿದ್ದರೆ ಮುಂದಿನ ಬೇಸ್‌ಗೆ ಓಡಲೇಬೇಕು. ಕ್ಯಾಚ್ ಆಗುವುದು ಖಚಿತವೆಂದು ಅವರು ತಮ್ಮ ಬೇಸ್ ಬಿಟ್ಟು ಕದಲಲಿಲ್ಲ. ಜಾರ್ಜ್ ಎರಡೂ ಬರಿಗೈಗಳನ್ನು ಬೊಗಸೆಯೊಡ್ಡಿ, ಚೆಂಡನ್ನು ಬೇಕೆಂದೇ ನೆಲಕ್ಕೆ ಬೀಳಗೊಟ್ಟರು. ಕೂಡಲೇ ಎತ್ತಿ ಮೂರನೆಯ ಬೇಸ್‌ಗೆ ಎಸೆದರು, ಅಲ್ಲಿಂದ ಚೆಂಡು ಎರಡನೆಯ ಬೇಸ್‌ಗೆ ಹೋಯಿತು, ಒಂದೇ ಹೊಡೆತಕ್ಕೆ ಇಬ್ಬರು ಔಟ್. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಸಿನ್ಸಿನಾಟಿ ಎರಡು ರನ್ ಗಳಿಸಿ ಮುಂದೆ ಹೋದರೂ ಬ್ರೂಕ್ಲಿನ್ ಮೂರು ಗಳಿಸಿ 8–7ರಿಂದ ಗೆದ್ದಿತು. ಆದರೆ ಆ ಉಪಾಯ ಉಳಿಯಿತು, ಎಷ್ಟರಮಟ್ಟಿಗೆ ಎಂದರೆ ಇಂಥ ಕೈಚಳಕವನ್ನು ತಡೆಯಲೆಂದೇ 1890ರ ದಶಕದಲ್ಲಿ ಪ್ರತ್ಯೇಕ ನಿಯಮ ತರಬೇಕಾಯಿತು. ಈ ಗ್ಲೌಸ್ ತೊಟ್ಟು ನಾನೂ ಆ ತಂತ್ರ ಪ್ರಯತ್ನಿಸಿದೆ. ಚೆಂಡನ್ನು ಬೀಳಿಸುವುದು ಸುಲಭವಾಗಿಯೇ ಆಯಿತು, ಅದಕ್ಕೆ ಉದ್ದೇಶವೇ ಬೇಕಾಗಲಿಲ್ಲ. ಬಿದ್ದದ್ದನ್ನು ಹಿಡಿತಕ್ಕೆ ತರುವುದರೊಳಗೆ ಮಗಳು ಎರಡು ಮರ ಸುತ್ತಿ ಬಂದಿದ್ದಳು.

ಬಳಕೆಯ ಮಾತಿಗೆ ಬರುವುದಾದರೆ, ಬೇಸ್‌ಬಾಲ್ ಚೆಂಡಿನ ತೂಕ ಐದು ಔನ್ಸ್‌ಗಿಂತ ಸ್ವಲ್ಪ ಹೆಚ್ಚು, ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ. ಮಗಳು ಇಪ್ಪತ್ತು ಅಡಿ ದೂರದಿಂದ ಎಸೆದದ್ದು ಈ ಗ್ಲೌಸ್‌ನಲ್ಲಿ ಸುಖವಾಗಿ ನಿಲ್ಲುತ್ತದೆ. ಅರವತ್ತು ಅಡಿಯಾಚೆ ನಿಂತ ನೆರೆಮನೆಯ ಹುಡುಗ ಎಸೆದಾಗ ಮೆತ್ತೆ ಸರಿದಿರುವ ಕಡೆ ಅಂಗೈ ಚುರುಗುಟ್ಟಿತು. ಮುಖ್ಯ ತೊಂದರೆ ನೋವಲ್ಲ, ಹಿಡಿತ. ಬಲೆ ಇಲ್ಲದ್ದರಿಂದ ಚೆಂಡನ್ನು ಗ್ಲೌಸ್ ಹಿಡಿಯುವುದಿಲ್ಲ, ಕೈಯೇ ಹಿಡಿಯಬೇಕು. ಇನ್ನೊಂದು ಕೈಯಿಂದ ಮೇಲೆ ಮುಚ್ಚದೆ ಹೋದರೆ ಚೆಂಡು ಜಾರಿ ಹೊರಗೆ ಬರುತ್ತದೆ. “ಅಪ್ಪಾ, ಇದು ಬರೀ ತಡೆಯತ್ತೆ, ಹಿಡಿಯಲ್ಲ” ಎಂದು ಹನ್ನೊಂದು ವರ್ಷದ ಮಗಳು ಮೊದಲ ದಿನವೇ ತೀರ್ಪು ಕೊಟ್ಟಳು. ಅದಕ್ಕಿಂತ ನಿಖರವಾದ ವಿಮರ್ಶೆ ನನ್ನಿಂದಾಗದು. ಒಂದು ಸಂಜೆ ಗ್ಲೌಸನ್ನೂ ತೆಗೆದಿಟ್ಟು ಬರಿಗೈಯಲ್ಲಿ ಹತ್ತು ಚೆಂಡು ಹಿಡಿಯಲು ನಿಂತೆ. ಶಾಲೆಯ ದಿನಗಳಲ್ಲಿ ಮೈಸೂರಿನ ಮೈದಾನಗಳಲ್ಲಿ ಸ್ಲಿಪ್‌ನಲ್ಲಿ ನಿಂತ ಧೈರ್ಯವಿತ್ತು. ಏಳನೆಯದಕ್ಕೆ ಉಂಗುರದ ಬೆರಳು ಊದಿಕೊಂಡು, ಉಂಗುರ ತೆಗೆಯಲು ಸೋಪಿನ ನೀರು ಬೇಕಾಯಿತು. ಇದೇ ಕೆಲಸವನ್ನು ಜಾರ್ಜ್ ರೈಟ್ ವರ್ಷಗಟ್ಟಲೆ, ಹೊಟ್ಟೆಪಾಡಿಗಾಗಿ ಮಾಡಿದರು. ಅದೇ ಸಿನ್ಸಿನಾಟಿಯಲ್ಲಿ ಮುಂದೆ ಎರಡನೆಯ ಬೇಸ್ ಕಾದ ಬಿಡ್ ಮೆಕ್‌ಫೀ ಎಂಬವರಂತೂ 1896ರವರೆಗೂ ಗ್ಲೌಸ್ ಮುಟ್ಟಲಿಲ್ಲ.

ಜಾರ್ಜ್‌ರ ಮಿಕ್ಕ ಆಟದ ಬದುಕನ್ನು ಬೇಗ ಹೇಳಿಬಿಡಬಹುದು. 1871ರಲ್ಲಿ ಅಣ್ಣನೊಂದಿಗೆ ಬಾಸ್ಟನ್‌ಗೆ ಬಂದರು; 1872ರಿಂದ 1875ರವರೆಗೆ ಸತತ ನಾಲ್ಕು ಬಾರಿ ತಂಡ ಪ್ರಶಸ್ತಿ ಗೆದ್ದಿತು. 1874ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದಾಗ ಬೇಸ್‌ಬಾಲ್ ಜತೆಗೆ ಅಲ್ಲಿಯವರೊಡನೆ ಕ್ರಿಕೆಟ್ಟನ್ನೂ ಆಡಿದರು. ನ್ಯಾಷನಲ್ ಲೀಗ್ ಎಂಬ ವೃತ್ತಿಪರ ತಂಡಗಳ ಕೂಟ ಶುರುವಾದಾಗ, 1876ರ ಏಪ್ರಿಲ್ 22ರ ಅದರ ಮೊದಲ ಪಂದ್ಯದಲ್ಲಿ ಬ್ಯಾಟ್ ಹಿಡಿದು ನಿಂತ ಮೊದಲ ವ್ಯಕ್ತಿ ಜಾರ್ಜ್ ರೈಟ್. 1879ರಲ್ಲಿ ಪ್ರಾವಿಡೆನ್ಸ್ ತಂಡಕ್ಕೆ ಹೋಗಿ, ವ್ಯವಸ್ಥಾಪಕರಾಗಿದ್ದ ಆ ಒಂದೇ ವರ್ಷದಲ್ಲಿ ಅಣ್ಣನ ಬಾಸ್ಟನ್ನನ್ನು ಹಿಂದಿಕ್ಕಿ ಪ್ರಶಸ್ತಿ ಗೆದ್ದರು. 1882ರ ಹೊತ್ತಿಗೆ ಆಟ ಮುಗಿದಿತ್ತು, ಅಂಗಡಿ ಬೆಳೆದಿತ್ತು.

ಆ ಅಂಗಡಿಯೇ ಈ ಗ್ಲೌಸ್‌ನ ತವರು. ಹೆನ್ರಿ ಡಿಟ್‌ಸನ್ ಜತೆಗಿನ ಪಾಲುದಾರಿಕೆಯಲ್ಲಿ ರೈಟ್ ಬಾಸ್ಟನ್ನಿನಲ್ಲಿ ಬೇಸ್‌ಬಾಲ್ ಸಾಮಾನುಗಳ ಜತೆಗೆ ಟೆನಿಸ್ ರ್‍ಯಾಕೆಟ್, ಗಾಲ್ಫ್ ಕೋಲುಗಳನ್ನೂ ಮಾರಿದರು. ಅಮೆರಿಕನ್ನರಿಗೆ ಗೊತ್ತಿಲ್ಲದ ಆಟದ ಸಾಮಾನು ಮಾರಬೇಕಾದರೆ ಮೊದಲು ಆಟವನ್ನೇ ಕಲಿಸಬೇಕು. 1890ರಲ್ಲಿ ಬಾಸ್ಟನ್ನಿನ ಫ್ರ್ಯಾಂಕ್ಲಿನ್ ಪಾರ್ಕಿನಲ್ಲಿ ಅನುಮತಿ ಪಡೆದು ಗೆಳೆಯರೊಡನೆ ಗಾಲ್ಫ್ ಆಡಿ ತೋರಿಸಿದವರು ಇವರೇ. 1913ರಲ್ಲಿ ಯು.ಎಸ್. ಓಪನ್ ಗೆದ್ದು ಅಮೆರಿಕದಲ್ಲಿ ಗಾಲ್ಫ್ ಹುಚ್ಚು ಹಬ್ಬಿಸಿದ ಇಪ್ಪತ್ತರ ಹರೆಯದ ಫ್ರಾನ್ಸಿಸ್ ವೀಮೆಟ್ ಆಗ ಕೆಲಸಕ್ಕಿದ್ದದ್ದು ಇದೇ ಅಂಗಡಿಯಲ್ಲಿ. ಮಗ ಬೀಲ್ಸ್ ರೈಟ್ 1905ರಲ್ಲಿ ಅಮೆರಿಕದ ಟೆನಿಸ್ ಚಾಂಪಿಯನ್. 1888–89ರಲ್ಲಿ ಆಟದ ಸಾಮಾನುಗಳ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಬೇಸ್‌ಬಾಲ್ ತಂಡಗಳನ್ನು ಕಟ್ಟಿಕೊಂಡು ಪ್ರಪಂಚ ಸುತ್ತಿದಾಗ ಜಾರ್ಜ್ ಜತೆಗಿದ್ದರು. ತಂಡ ಕೊಲಂಬೋದಲ್ಲಿ ಆಡಿ ಈಜಿಪ್ಟಿನ ಕಡೆ ಹೊರಟಿತು. ಕೂಗಳತೆಯಲ್ಲಿದ್ದ ನಮ್ಮ ಕರಾವಳಿಗೆ ಬರಲಿಲ್ಲ. ಬಂದಿದ್ದರೆ ನಮ್ಮ ಅಜ್ಜಂದಿರು ಏನು ಆಡುತ್ತಿದ್ದರೋ ಎಂಬ ಯೋಚನೆ ಸುಮ್ಮನೆ ಹಾಯ್ದುಹೋಗುತ್ತದೆ.

ಅಂಗಡಿಯ ಒಡೆತನ 1890ರ ದಶಕದಲ್ಲಿಯೇ ಸ್ಪಾಲ್ಡಿಂಗ್ ಕೈಸೇರಿದರೂ ಹೆಸರನ್ನು ಹಾಗೆಯೇ ಉಳಿಸಿಕೊಂಡರು, ಹೆಸರಿಗೇ ಬೆಲೆಯಿತ್ತು. ಆದ್ದರಿಂದ ನನ್ನ ಗ್ಲೌಸ್ ಹೊಲಿಸುವ ಹೊತ್ತಿಗೆ ಜಾರ್ಜ್ ರೈಟ್ ಅದರ ಮೇಲೆ ಕಣ್ಣು ಹಾಯಿಸಿರುತ್ತಾರೆ ಎಂದುಕೊಳ್ಳುವುದು ನನ್ನ ಆಸೆಯೇ ಹೊರತು ಇತಿಹಾಸವಲ್ಲ. ಅದೇ ಸ್ಪಾಲ್ಡಿಂಗ್‌ನ ಪ್ರೇರಣೆಯಿಂದ ರಚನೆಯಾಗಿ, ಬೇಸ್‌ಬಾಲ್ ಹುಟ್ಟಿದ್ದು ಅಮೆರಿಕದಲ್ಲಿಯೇ, ಹುಟ್ಟಿಸಿದವರು ಆ್ಯಬ್ನರ್ ಡಬಲ್‌ಡೇ ಎಂದು ಸಾರಿದ ಮಿಲ್ಸ್ ಆಯೋಗದ ಸದಸ್ಯರಲ್ಲಿ ಜಾರ್ಜ್ ರೈಟ್ ಹೆಸರೂ ಇದೆ. ಇಂಗ್ಲಿಷ್ ಕ್ರಿಕೆಟಿಗನ ಮಗ ಆ ಕಥೆಗೆ ಹೆಸರು ಕೊಟ್ಟದ್ದು ಅವರ ಬದುಕಿನಲ್ಲಿ ನನಗೆ ಒಪ್ಪಿಗೆಯಾಗದ ಒಂದು ಪುಟ. ಇತಿಹಾಸಕಾರರು ಆ ತೀರ್ಮಾನವನ್ನು ಎಂದೋ ತಳ್ಳಿಹಾಕಿದ್ದಾರೆ. 1937ರ ಆಗಸ್ಟ್ 21ರಂದು, ತೊಂಬತ್ತರ ವಯಸ್ಸಿನಲ್ಲಿ ಅವರು ಬಾಸ್ಟನ್ನಿನಲ್ಲಿ ತೀರಿಕೊಂಡರು. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದದ್ದು ಅದೇ ಡಿಸೆಂಬರಿನಲ್ಲಿ.

ಇನ್ನು ಕೊಳ್ಳಬೇಕೇ ಎಂಬ ಪ್ರಶ್ನೆ. ಮಕ್ಕಳಿಗೆ ಆಡಲು ಗ್ಲೌಸ್ ಬೇಕಿದ್ದರೆ ಖಂಡಿತ ಬೇಡ, ಇದರ ಮೂರನೆಯ ಒಂದು ಪಾಲು ಬೆಲೆಗೆ ಹೊಸದು ಸಿಗುತ್ತದೆ, ಅದು ಚೆಂಡನ್ನೂ ಹಿಡಿಯುತ್ತದೆ. ಹಳೆಯ ಆಟದ ಸಾಮಾನುಗಳಲ್ಲಿ ಆಸಕ್ತಿಯಿರುವವರು ಲೇಬಲ್, ಗುಂಡಿ, ಹೆಬ್ಬೆರಳಿನ ಪಟ್ಟಿ ಮೂರೂ ಸರಿಯಿರುವುದನ್ನು ನೋಡಿ, ಬೆರಳುಗಳ ನಡುವೆ ಮೂಗಿಟ್ಟು ಬೂಸಲು ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡು ಕೊಳ್ಳಬಹುದು. ಲೇಬಲ್ ಪೂರ್ತಿ ಅಳಿಸಿದ್ದರೆ ಅರ್ಧ ಬೆಲೆಗಿಂತ ಹೆಚ್ಚು ಕೊಡಬೇಡಿ. ಚರ್ಮಕ್ಕೆ ಎಣ್ಣೆ ಹಚ್ಚುವ ಮುನ್ನ ಒಂದು ಮೂಲೆಯಲ್ಲಿ ಪರೀಕ್ಷಿಸಿ, ನಾನು ಹಚ್ಚಿದ ಕಡೆ ಕಪ್ಪು ಕಲೆ ಉಳಿದಿದೆ. ಐದರಲ್ಲಿ ವಸ್ತುವಿಗೆ ಮೂರು, ಮಾರಾಟದ ಪ್ರಾಮಾಣಿಕತೆಗೆ ಒಂದು ಅಂಕ ಕೊಡುತ್ತೇನೆ. ಕಿರುಬೆರಳಿನ ಬಿಚ್ಚಿದ ಹೊಲಿಗೆಯನ್ನು ನಾನು ಮುಟ್ಟಿಲ್ಲ. ರಜೆಗೆ ಊರಿಗೆ ಬಂದಾಗ ನಮ್ಮ ಬೀದಿಯ ಚಪ್ಪಲಿ ಹೊಲಿಯುವ ಹಿರಿಯರಿಗೆ ಒಮ್ಮೆ ತೋರಿಸಬೇಕೆಂದು ಸೂಟ್‌ಕೇಸಿನಲ್ಲಿ ಇಟ್ಟಿದ್ದೇನೆ.