ಹಳೇ ವೈಫೈ ಹೆಸರೋ, ಹೊಸದೋ?

ಮುಂಬೈ ಹತ್ತಿರದ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಇಂಟರ್ನೆಟ್ ಕಂಪನಿ ಬದಲಿಸಿದಿರಾ? ವೈಫೈನಿಂದ ನಡೆಯುವ ಸ್ಮಾರ್ಟ್ ಬಲ್ಬು, ಪ್ಲಗ್ಗು, ಕ್ಯಾಮೆರಾ ಎಲ್ಲ ಒಟ್ಟಿಗೆ ಮುನಿಸಿಕೊಳ್ಳುತ್ತವೆ.

ಹೊಸ ರೌಟರ್‌ಗೂ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಕೊಟ್ಟರೆ ಹೆಚ್ಚಿನವು ತಾವಾಗಿಯೇ ಸೇರಿಕೊಳ್ಳುತ್ತವೆ. ಫಿಟ್ ಮಾಡಲು ಬಂದ ಹುಡುಗನಿಗೆ ‘ನಾವ್ ಜುನಂಚ್ ಠೇವಾ’ (ಹೆಸರು ಹಳೇದೇ ಇಡಿ) ಎಂದು ಮರಾಠಿಯಲ್ಲಿ ಮೊದಲೇ ಹೇಳಿಬಿಡಿ. ದೊಡ್ಡಕ್ಷರ, ಚಿಕ್ಕಕ್ಷರ, ನಡುವಿನ ಜಾಗ ಎಲ್ಲ ಹಾಗೇ ಇರಬೇಕು. ವೈಫೈ ಭದ್ರತೆಗೆ ಬರೀ ಹೊಸ ಬಗೆಯ ಡಬ್ಲ್ಯೂಪಿಎ3 ಇಟ್ಟರೆ ಹಳೇ ಬಲ್ಬುಗಳು ಹತ್ತಿರ ಸುಳಿಯುವುದಿಲ್ಲ, ಹಳೇ ಬಗೆಯ ಡಬ್ಲ್ಯೂಪಿಎ2 ಕೂಡ ಇರಲಿ. ರೌಟರ್‌ನ 2.4 ಗಿಗಾಹರ್ಟ್ಸ್ ತರಂಗವೂ ಆನ್ ಇರಲಿ, ಬಹಳಷ್ಟು ಪ್ಲಗ್ಗುಗಳಿಗೆ 5 ಗಿಗಾಹರ್ಟ್ಸ್ ಹಿಡಿಸುವುದಿಲ್ಲ.

ಹೊಸ ಹೆಸರಿಟ್ಟರೆ ಒಂದೊಂದನ್ನೂ ರೀಸೆಟ್ ಮಾಡಬೇಕು. ಸ್ವಿಚ್ ಆನ್-ಆಫ್ ಮಾಡಿ, ಬಲ್ಬು ಮಿನುಗಿಸಿ, ಆಪ್‌ಗೆ ಸೇರಿಸುವಷ್ಟರಲ್ಲಿ ಸಾಕುಸಾಕು. ಪಾಸ್‌ವರ್ಡ್ ಬಿಲ್ಡಿಂಗಿಗೆಲ್ಲ ಗೊತ್ತಾಗಿದ್ದರೆ ಮಾತ್ರ ಇದು ಸರಿ. ಇಲ್ಲದಿದ್ದರೆ ಸುಮ್ನೆ ಒದ್ದಾಟ, ಅಲ್ವಾ?

ಸ್ವಂತ ರೌಟರ್ ಇದ್ದವರು ಅದನ್ನೇ ಕಂಪನಿ ಕೊಟ್ಟ ಹೊಸ ಡಬ್ಬಿಗೆ ಕೇಬಲ್‌ನಿಂದ ಜೋಡಿಸಿ. ಬಲ್ಬುಗಳಿಗೆ ಕಂಪನಿ ಬದಲಾದದ್ದೇ ಗೊತ್ತಾಗುವುದಿಲ್ಲ.