ಕರಾವಳಿಯ ಮಳೆಗೆ ಯಾರು ಕಟ್ಟಿದ ಕ್ಯಾರವಾನ್ ಒಳ್ಳೆಯದು?

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟದ ನಡುವೆ ನಾನೂ ಭಾವನೂ ಸೇರಿ ನಡೆಸುತ್ತಿರುವ ಹೋಂಸ್ಟೇಗೆ ಕ್ಯಾರವಾನ್, ಅಂದರೆ ಒಳಗೆ ಮನೆಯಂತೆ ಸಜ್ಜಾದ ಗಾಡಿ, ಬಂದು ಒಂದು ಮಳೆಗಾಲ ಕಳೆದಿದೆ. ಬೇಕಲ ಕೋಟೆ, ಅನಂತಪುರ, ಪೊಸಡಿಗುಂಪೆ, ರಾಣಿಪುರಂ ನೋಡಬೇಕೆಂದು ಬರುವ ಅತಿಥಿಗಳಿಗೆ ಅದರಲ್ಲೇ ಮಲಗುವ ವ್ಯವಸ್ಥೆ. ದೊಡ್ಡ ಕಂಪನಿಯ ಗಾಡಿ ಕೊಳ್ಳಬೇಕೋ, ಸಣ್ಣ ಕಾರ್ಖಾನೆಯಲ್ಲಿ ಮಾಡಿಸಬೇಕೋ ಎಂದು ಈಗ ನಮ್ಮನ್ನು ಕೇಳುವವರು ಬಹಳ. ನಾವು ಮಾಡಿಸಿದ್ದು ಮಂಗಳೂರಿನ ಹೊರವಲಯದ ಸಣ್ಣ ಕಾರ್ಖಾನೆಯಲ್ಲಿ. ಕಾಸರಗೋಡು ಜಿಲ್ಲೆಯಲ್ಲಿ ಇರುವವರಿಗೆ ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದು ಷರತ್ತಿದೆ, ಅದನ್ನು ಮೊದಲು ಹೇಳುತ್ತೇನೆ.

ಆ ಷರತ್ತು ಕಾಗದಪತ್ರದ್ದು. ನಮ್ಮ ದೇಶದಲ್ಲಿ ಮೋಟಾರು ಕ್ಯಾರವಾನಿಗೆ ಎಐಎಸ್-124 ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು ಪರೀಕ್ಷಿಸಿ ವಿನ್ಯಾಸಕ್ಕೆ ಅನುಮೋದನೆ ಕೊಡುತ್ತವೆ. ದೊಡ್ಡ ಕಂಪನಿಗಳ ಬಳಿ ಈ ಪ್ರಮಾಣಪತ್ರ ಸಿದ್ಧವಾಗಿಯೇ ಇರುತ್ತದೆ. ಸಣ್ಣವರಲ್ಲಿ ಕೆಲವರ ಬಳಿ ಇರುವುದಿಲ್ಲ. ನಾವು ವಿಚಾರಿಸಿದ ಒಂದು ಕಡೆ, ‘ಟ್ರಾವೆಲರ್ ವ್ಯಾನ್ ತಂದುಕೊಡಿ, ಒಳಗೆ ಎಲ್ಲ ಮಾಡಿಕೊಡುತ್ತೇವೆ, ಆರ್‌ಟಿಒ ಕಚೇರಿಯದ್ದು ಆಮೇಲೆ ನೋಡಿಕೊಳ್ಳೋಣ’ ಎಂದರು. ನಾವು ಅಲ್ಲಿಂದಲೇ ಎದ್ದು ಬಂದೆವು. ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದ ಪ್ರಕರಣದಲ್ಲೇ. ನೋಂದಣಿಯೇ ಆಗದಿದ್ದರೆ ವಿಮೆ ಎಲ್ಲಿಯದು, ಅತಿಥಿಗಳನ್ನು ಯಾವ ಧೈರ್ಯದ ಮೇಲೆ ಕೂರಿಸುವುದು? ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಾಗ ಮೊದಲ 100 ವಾಹನಗಳಿಗೆ 7.5 ಲಕ್ಷ ರೂಪಾಯಿ ಅಥವಾ ಹೂಡಿಕೆಯ ಶೇ. 15, ಇವೆರಡರಲ್ಲಿ ಕಡಿಮೆಯಾದಷ್ಟು ಸಹಾಯಧನ ಘೋಷಿಸಿತ್ತು. ಅಂಥ ಯಾವ ಯೋಜನೆಯ ಮುಂದೆ ನಿಲ್ಲುವುದಕ್ಕೂ ಕಾಗದ ನೇರವಾಗಿರಬೇಕು. ನಮ್ಮ ಕಾರ್ಖಾನೆಯವರು ಫೋರ್ಸ್ ಟ್ರಾವೆಲರ್ ಮೇಲೆ ಒಂದೇ ಒಂದು ವಿನ್ಯಾಸಕ್ಕೆ ಅನುಮೋದನೆ ಪಡೆದಿದ್ದರು. ಆ ಪತ್ರದ ಪ್ರತಿಯನ್ನು ಕೈಯಲ್ಲಿ ಹಿಡಿದು ಓದಿದ ಮೇಲೆಯೇ ಮುಂಗಡ ಕೊಟ್ಟದ್ದು.

ದೊಡ್ಡ ಕಂಪನಿಯ ಗಾಡಿಯನ್ನೂ ಹತ್ತಿ ಇಳಿದು ನೋಡಿದ್ದೇವೆ. ಕೆಲಸ ಬಲು ಅಚ್ಚುಕಟ್ಟು. ಎರಕ ಹೊಯ್ದ ಫೈಬರಿನ ಒಳಭಾಗ, ಸಂದು ಕಾಣದ ಮೂಲೆಗಳು, ತಿರುವಿನಲ್ಲಿ ತಾನಾಗಿ ತೆರೆದುಕೊಳ್ಳದ ಡ್ರಾಯರುಗಳು. ಬೆಲೆಯಲ್ಲಿಯೂ ನಾವೆಣಿಸಿದಷ್ಟು ಅಂತರ ಇರಲಿಲ್ಲ; ಮೂಲ ವಾಹನಕ್ಕೂ ತೆರಿಗೆಗೂ ಇಬ್ಬರೂ ಹೆಚ್ಚುಕಡಿಮೆ ಅಷ್ಟೇ ತೆರಬೇಕಲ್ಲ. ಆದರೆ ಅತ್ತೆಯವರು ಮೊಣಕಾಲು ನೋವಿನಿಂದ ಹತ್ತಲಾರದೆ ಬಾಗಿಲಲ್ಲೇ ನಿಂತಾಗ, ಕೆಳಗೊಂದು ಮಡಚುವ ಮೆಟ್ಟಿಲು ಸಿಗಬಹುದೇ ಎಂದು ಕೇಳಿದೆ. ಅದು ಪಟ್ಟಿಯಲ್ಲಿ ಇಲ್ಲ ಎಂಬ ಉತ್ತರ ಬಂತು. ಸರ್ವಿಸ್ ಎಲ್ಲಿ ಎಂದರೆ ಕೊಚ್ಚಿ. ಇಲ್ಲಿಂದ 350 ಕಿಲೋಮೀಟರಿಗೂ ಹೆಚ್ಚು. ಜುಲೈ ತಿಂಗಳಲ್ಲಿ ಚಾವಣಿ ಸೋರಿದರೆ ಅಷ್ಟು ದೂರ ಯಾರು ಒಯ್ಯುತ್ತಾರೆ?

ನಮ್ಮಲ್ಲಿ ಕ್ಯಾರವಾನಿನ ಮೊದಲ ಶತ್ರು ನೀರು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು, ಮೇಲಿಂದ ಕಡಲಿನ ಉಪ್ಪುಗಾಳಿ. ಚಾವಣಿಯಲ್ಲಿ ಫ್ಯಾನಿಗೆ, ಸೋಲಾರ್ ತಂತಿಗೆ, ಎಸಿಗೆ ಎಂದು ಕೊರೆದ ಪ್ರತಿ ತೂತೂ ಒಂದು ದಿನ ಸೋರುವ ಜಾಗವೇ. ಕಾರ್ಖಾನೆಯ ಮೇಸ್ತ್ರಿ ಫ್ಯಾನು ಕೂರಿಸುವಾಗ ನಾನು ಏಣಿಯ ಮೇಲೆ ನಿಂತು ನೋಡುತ್ತಿದ್ದೆ. ಬರಿಯ ಸಿಲಿಕೋನ್ ಬಳಿದರೆ ಬಿಸಿಲಿಗೆ ಅಂಚು ಬಿಟ್ಟುಕೊಳ್ಳುತ್ತದೆ ಎಂದು ಅವರು ಮೊದಲು ಬ್ಯುಟೈಲ್ ಎಂಬ ರಬ್ಬರಿನಂಥ ಅಂಟುಪಟ್ಟಿ ಸುತ್ತಿದರು, ಎದುರುಬದುರಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದರು. ನಾಲ್ಕೂ ಕಡೆ ಅಂಟು ಒಂದೇ ಸಮನಾಗಿ ಹೊರಗೆ ಇಣುಕುವವರೆಗೆ ಬಿಡಲಿಲ್ಲ. ಆಮೇಲೆ ಒಳಗಿನ ನೆಲದ ಮೇಲೆಲ್ಲ ಹಳೆಯ ದಿನಪತ್ರಿಕೆ ಹಾಸಿ, ಹೊರಗಿಂದ ಪಂಪಿನ ಪೈಪು ಹಿಡಿದು ನೀರು ಹೊಡೆದರು. ಬಾಗಿಲ ಪಕ್ಕದ ಮೂಲೆಯಲ್ಲಿ ಪತ್ರಿಕೆಯ ಮೇಲೆ ಅಂಗೈಯಗಲ ಒದ್ದೆ. ನೆರಳುಪರದೆಯ ಕೊಂಡಿ ಕೂರಿಸಿದ ಜಾಗವದು. ‘ನೋಡಿದಿರಾ ಅಣ್ಣ, ಇದನ್ನು ಇಲ್ಲೇ ಹಿಡಿಯಬೇಕು’ ಎಂದು ಕೊಂಡಿಯನ್ನೇ ಕಿತ್ತು ಹೊಸದಾಗಿ ಕೂರಿಸಿದರು. ಕರ್ಕಾಟಕ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ಆ ಮೂಲೆ ಒಣಗಿಯೇ ಇತ್ತು.

ಇನ್ನೊಂದು ಸಂಗತಿ ತಂತಿಗಳದ್ದು. ಪ್ರತಿ ತಂತಿಗೂ ಸಂಖ್ಯೆಯ ಚೀಟಿ, ಅದರ ನಕ್ಷೆ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದೆ. ಮಳೆಗಾಲದಲ್ಲಿ ನೀರಿನ ಮೋಟಾರು ನಿಂತಾಗ ಬದಿಯಡ್ಕದ ಎಲೆಕ್ಟ್ರಿಷಿಯನ್ ಆ ನಕ್ಷೆ ನೋಡಿ ಸುಟ್ಟ ಫ್ಯೂಸನ್ನು ಕೂಡಲೇ ಹುಡುಕಿದ. ಊರಿನವರ ಕೈಯಲ್ಲೇ ರಿಪೇರಿಯಾಗುವಂತೆ ಗಾಡಿ ಕಟ್ಟುವುದು ನನ್ನ ಲೆಕ್ಕದಲ್ಲಿ ಎಲ್ಲ ವಾರಂಟಿಗಿಂತ ಮೇಲು.

ತೂಕವನ್ನೂ ಮರೆಯಬಾರದು. ನೂರು ಲೀಟರ್ ನೀರೆಂದರೆ ನೂರು ಕಿಲೋ. ಟ್ಯಾಂಕು ತುಂಬಿಸಿ ವೇ ಬ್ರಿಡ್ಜಿಗೆ ಒಯ್ದಾಗ ಒಂದು ಮಗ್ಗುಲು ಭಾರವೆಂದು ತಿಳಿದು, ಬ್ಯಾಟರಿಗಳನ್ನು ಇನ್ನೊಂದು ಬದಿಗೆ ಸರಿಸಿದರು. ಮೆಟ್ಟಿಲನ್ನೂ ಮಾಡಿಕೊಟ್ಟರು. ಆದರೆ ಸೀಟು, ಬೆಲ್ಟು, ತುರ್ತು ಬಾಗಿಲು, ಗ್ಯಾಸಿನ ಜಾಗ ಇವುಗಳನ್ನು ಅನುಮೋದಿತ ವಿನ್ಯಾಸದಿಂದ ಕೂದಲೆಳೆಯಷ್ಟೂ ಸರಿಸಲು ಒಪ್ಪಲಿಲ್ಲ. ಆ ಹಟ ಕಂಡು ನನಗೆ ಅವರ ಮೇಲಿನ ನಂಬಿಕೆ ಇಮ್ಮಡಿಯಾಯಿತು.

ಕೊರತೆಗಳೂ ಇವೆ. ಓಣಂಗೆ ಕೊಡುತ್ತೇವೆಂದ ಗಾಡಿ ಕೈಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಆ ಸಲದ ರಜೆಯ ಬುಕಿಂಗುಗಳೆಲ್ಲ ಹೋದವು. ಅಡುಗೆಕಟ್ಟೆಯ ಕೆಳಗಿನ ಪ್ಲೈವುಡ್ ಅಂಚಿಗೆ ಪಟ್ಟಿ ಹೊಡೆಯದೆ ಬಿಟ್ಟಿದ್ದರಿಂದ ಅದು ತೇವಕ್ಕೆ ಉಬ್ಬಿತು. ಬದಲಾಯಿಸಿ ಕೊಟ್ಟರು, ಹಣ ಕೇಳಲಿಲ್ಲ. ಎಸಿಯ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಹಾಗೆಯೇ ನಂಬಬೇಡಿ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 2400 ವಾಟ್-ಅವರ್. ಒಂದು ಟನ್ನಿನ ಎಸಿ ಸಾವಿರ ವಾಟಿನ ಆಸುಪಾಸು ಎಳೆಯುತ್ತದೆ. ಎರಡು ಗಂಟೆ ಓಡೀತು, ರಾತ್ರಿಯಿಡೀ ಓಡುವುದು ಸಾಧ್ಯವಿಲ್ಲ. ನಾವು ಗಾಡಿ ನಿಲ್ಲಿಸುವಲ್ಲೆಲ್ಲ ಹೊರಗಿನ ಕರೆಂಟಿಗೆ ಜೋಡಿಸುತ್ತೇವೆ.

ದೇಶವಿಡೀ ಸುತ್ತುವವರಿಗೆ, ಬ್ಯಾಂಕ್ ಸಾಲದ ಮೇಲೆ ಹತ್ತಾರು ಗಾಡಿ ಬಾಡಿಗೆಗೆ ಬಿಡುವವರಿಗೆ ದೊಡ್ಡ ಕಂಪನಿಯೇ ಅನುಕೂಲ. ಸಣ್ಣವರ ಬಳಿ ಹೋಗುವವರು ಮೂಲ ವಾಹನದ ಬಿಲ್ಲನ್ನು ತಮ್ಮ ಹೆಸರಿನಲ್ಲೇ ಮಾಡಿಸಲಿ, ಉಳಿದ ಹಣವನ್ನು ಕೆಲಸ ಮುಗಿದ ಹಾಗೆ ಕಂತಿನಲ್ಲಿ ಕೊಡಲಿ. ಕಾರ್ಖಾನೆಗೆ ನಾಳೆ ಬೀಗ ಬಿದ್ದರೂ ಗಾಡಿಯಾದರೂ ನಿಮ್ಮದಾಗಿ ಉಳಿಯುತ್ತದೆ. ಮಳೆಗಾಲಕ್ಕೆ ಮೊದಲು ಚಾವಣಿಯ ಅಂಟನ್ನೆಲ್ಲ ಪರೀಕ್ಷಿಸಿ ಕೊಡಬೇಕೆಂಬ ಮಾತನ್ನು ನಾವು ಕರಾರಿನಲ್ಲೇ ಬರೆಸಿಕೊಂಡಿದ್ದೇವೆ, ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗಾಡಿಯನ್ನು ಅಲ್ಲಿಗೆ ಒಯ್ಯುತ್ತೇವೆ.