ಮನೆತನದ ಚರಿತ್ರೆ ಹುಡುಕುವವರಿಗೆ ಗ್ರಂಥಾಲಯದ ನೆರವು: ಒಂದು ವಿಮರ್ಶೆ

ಮಡಿಕೇರಿಯ ಗ್ರಂಥಾಲಯವೊಂದು ತನ್ನ ಪರಾಮರ್ಶನ ವಿಭಾಗದಲ್ಲಿ ಪ್ರತಿ ಶನಿವಾರ ಮನೆತನದ ಚರಿತ್ರೆ ಹುಡುಕಲು ಹೊರಟವರಿಗೆಂದೇ ಒಂದು ಮೇಜನ್ನು ಮೀಸಲಿಟ್ಟಿದೆ. ಪ್ರತ್ಯೇಕ ಶುಲ್ಕವಿಲ್ಲ, ಸದಸ್ಯತ್ವದ ಕಾರ್ಡ್ ಇದ್ದರೆ ಸಾಕು. ಐನ್‌ಮನೆ (ಮನೆತನದ ಮೂಲ ಮನೆ) ಮತ್ತು ಜಮ್ಮಾ ಜಮೀನು (ವಂಶಪಾರಂಪರ್ಯವಾಗಿ ಬಂದ ಮನೆತನದ ಜಮೀನು) ಇರುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಜಿಲ್ಲೆಯಲ್ಲಿ ಬೇರೆಲ್ಲೂ ನನಗೆ ಕಂಡಿಲ್ಲ. ಅವೆರಡೂ ಇಲ್ಲದವರಿಗೆ ಮಾತ್ರ ಅದೇ ಮೇಜು ಅಷ್ಟಾಗಿ ಒದಗಿಬರುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೇಜಿನ ಹಿಂದೆ ಕೂರುವ ಗ್ರಂಥಪಾಲಕಿ ಬಂದವರನ್ನು ಮೊದಲು ಕೇಳುವ ಪ್ರಶ್ನೆ, "ಪೌತಿ ಖಾತೆಗೆ ಬೇಕಾ, ಚರಿತ್ರೆಗೆ ಬೇಕಾ?" ಎಂಬುದು. ವಂಶವೃಕ್ಷವೆಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ನೆನಪಾಗುವುದು, ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಕಂದಾಯ ಇಲಾಖೆ ಕೇಳುವ ದೃಢೀಕರಣ ಪತ್ರ. ಅದು ಬೇಕಾದವರನ್ನು ಅವರು ಮರ್ಯಾದೆಯಿಂದಲೇ ನಾಡಕಚೇರಿಗೆ ಕಳುಹಿಸಿಕೊಡುತ್ತಾರೆ. ಉಳಿದವರ ಕೈಗೆ ಒಂದು ಹಾಳೆ, ಒಂದು ಪೆನ್ಸಿಲು ಬರುತ್ತದೆ.

ಈ ಸೇವೆಯ ನಿಜವಾದ ಬಂಡವಾಳ ಆ ಹಾಳೆಯೇ ಎಂದು ನನ್ನ ಅಭಿಪ್ರಾಯ. ಹೆಸರು, ಒಕ್ಕ ಅಥವಾ ಮನೆತನ, ತಾಮನೆ ಅಂದರೆ ಹೆಣ್ಣಿನ ತವರುಮನೆ, ಊರು ಮತ್ತು ನಾಡು, ಅಂದಾಜು ವರ್ಷ ಎಂಬ ಅಂಕಣಗಳಾದ ಮೇಲೆ ಕೊನೆಯಲ್ಲಿ 'ಯಾರು ಹೇಳಿದ್ದು' ಎಂಬ ಅಂಕಣವೊಂದಿದೆ. ಅದನ್ನು ಖಾಲಿ ಬಿಟ್ಟರೆ ಹಾಳೆ ಮರಳಿ ನಮ್ಮ ಕೈಗೇ ಬರುತ್ತದೆ. ನಮ್ಮ ಮೂಲ ಪುರುಷ ಎಲ್ಲಿಂದಲೋ ಬಂದ ಸೇನಾಪತಿಯೆಂದು ಮನೆಯಲ್ಲಿ ಎಲ್ಲರೂ ಹೇಳುವುದುಂಟು. ಹೇಳಿದವರ ಹೆಸರು ಬರೆಯಬೇಕಾಗಿ ಬಂದಾಗ ಆ ಸೇನಾಪತಿ ಸದ್ದಿಲ್ಲದೆ ಹಿಂದೆ ಸರಿಯುತ್ತಾನೆ. ಗುರುಕಾರೋಣನಿಂದ, ಅಂದರೆ ಒಕ್ಕದ ಮೂಲ ಪುರುಷನಿಂದ, ಆರಂಭಿಸಿ ಕೆಳಗಿಳಿಯುವ ಬದಲು, ತಮ್ಮಿಂದಲೇ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕೆಂಬುದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ಅವಸರದವರಿಗೆ ಇದು ಹಿಡಿಸದು.

ನೆನಪಿಗೆ ವರ್ಷವನ್ನು ಹೊಂದಿಸುವ ಅವರ ಕ್ರಮವನ್ನು ಹತ್ತಿರದಿಂದ ನೋಡಿದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ ಅಕ್ಕನ ಮದುವೆಯ ವರ್ಷ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. "ಅಜ್ಜ, ಕೊಡಗು ಮೈಸೂರಿಗೆ ಸೇರಿತಲ್ಲ, ಆಗ ನೀವು ಶಾಲೆಗೆ ಹೋಗುತ್ತಿದ್ದಿರಾ?" ಎಂದು ಗ್ರಂಥಪಾಲಕಿ ಕೇಳಿದರು. "ಮೂರನೇ ಕ್ಲಾಸು. ಅಕ್ಕನ ಮದುವೆ ಅದರ ಹಿಂದಿನ ವರ್ಷ, ಪುತ್ತರಿ ಕಳೆದ ಮೇಲೆ," ಎಂದು ಅವರು ತಡೆಯಿಲ್ಲದೆ ಹೇಳಿದರು. ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದದ್ದು 1956ರ ನವೆಂಬರ್ 1ರಂದು; ಸುಗ್ಗಿ ಹಬ್ಬವಾದ ಪುತ್ತರಿ ಬರುವುದು ವರ್ಷದ ಕೊನೆಗೆ. ಹಾಳೆಯಲ್ಲಿ 'ಸುಮಾರು 1955ರ ಕೊನೆ, ಇಲ್ಲವೇ 1956ರ ಆರಂಭ' ಎಂದು ಬರೆದು, ಕೊನೆಯ ಅಂಕಣದಲ್ಲಿ 'ತಮ್ಮ ಹೇಳಿದ್ದು' ಎಂದು ಸೇರಿಸಿದರು. ವರ್ಷ ಕೇಳಿದರೆ ಮೌನವಾಗುವವರು ಘಟನೆ ಕೇಳಿದರೆ ಮಾತಾಡುತ್ತಾರೆ ಎಂಬುದನ್ನು ಅರಿತ ಸಿಬ್ಬಂದಿ ಸಿಗುವುದು ಸುಲಭವಲ್ಲ.

ಬಾಯಿಮಾತು ನಿಂತ ಮೇಲೆ ಬರುವ ಕಾಗದಪತ್ರಗಳ ವಿಷಯದಲ್ಲಿಯೂ ಮಾರ್ಗದರ್ಶನ ಗಟ್ಟಿಯಾಗಿದೆ. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನ ಕಾಲದ ಶಿಸ್ತು, ಅಂದರೆ ಜಮೀನಿನ ಅಳತೆ ಮತ್ತು ಕಂದಾಯದ ಲೆಕ್ಕ, ಕೊಡಗಿನಲ್ಲಿ ಮನೆತನದ ಬೇರು ಹುಡುಕುವವರಿಗೆ ಬಹು ದೊಡ್ಡ ಆಧಾರ. ಅದು ಕನ್ನಡದಲ್ಲಿಯೇ ಇದ್ದರೂ ಮೋಡಿ ಹೊಡೆದಂತಿರುವ ಹಳೆಯ ಬರವಣಿಗೆಯನ್ನು ಓದಲು ಅಭ್ಯಾಸ ಬೇಕು. ಜಮ್ಮಾ ಜಮೀನಿಗೆ, ಪೂರ್ಣ ಕಂದಾಯ ಕಟ್ಟಬೇಕಿದ್ದ ಸಾಗು ಜಮೀನಿನ ಅರ್ಧದಷ್ಟು ಮಾತ್ರ ಕಂದಾಯವಿತ್ತು, ಅದು ಒಕ್ಕಕ್ಕೆ ಸೇರಿದ ಆಸ್ತಿಯಾಗಿತ್ತು, ದಾಖಲೆಯಲ್ಲಿ ಹೆಸರು ಬರುತ್ತಿದ್ದುದು ಒಕ್ಕದ ಯಜಮಾನನಾದ ಪಟ್ಟೆದಾರನದು ಮಾತ್ರ. ಇಷ್ಟನ್ನು ತಿಳಿದುಕೊಳ್ಳದೆ ಹಳೆಯ ಪ್ರತಿಯನ್ನು ಕೈಗೆತ್ತಿಕೊಂಡವರು, ಅಲ್ಲಿ ಹೆಸರಿಲ್ಲದ ತಮ್ಮ ಮುತ್ತಜ್ಜ ಬೇರೆ ಒಕ್ಕದವನೋ, ಜಮೀನಿಲ್ಲದವನೋ ಎಂದು ಊಹಿಸಿಕೊಂಡು ಮುಂದಿನ ಹುಡುಕಾಟವನ್ನೆಲ್ಲ ದಾರಿ ತಪ್ಪಿಸಿಕೊಳ್ಳುತ್ತಾರೆ.

ಊರಿನ ವಿಳಾಸವೂ ಹಾಗೆಯೇ. ಪೊನ್ನಂಪೇಟೆ ತಾಲ್ಲೂಕು ಈಚಿನದು. ಬ್ರಿಟಿಷರ ಕಾಲದ ಕಾಗದದಲ್ಲಿ ಆ ಭಾಗವನ್ನು ಕಿಗ್ಗಟ್ಟುನಾಡೆಂದು ಹುಡುಕಬೇಕು. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ರೂಢಿಯಿಂದಾಗಿ ಒಂದೇ ಒಕ್ಕದಲ್ಲಿ ಒಂದೇ ಹೆಸರಿನವರು ತಲೆಮಾರು ಬಿಟ್ಟು ತಲೆಮಾರು ಕಾಣಿಸಿಕೊಳ್ಳುತ್ತಾರೆ. ಕೊಡಗು ಬ್ರಿಟಿಷರ ವಶವಾದ 1834ರ ನಂತರದ ಗುಮಾಸ್ತರಂತೂ ಅದೇ ಮನೆಹೆಸರನ್ನು ಇಂಗ್ಲಿಷಿನಲ್ಲಿ ಮನಸ್ಸಿಗೆ ಬಂದಂತೆ ಬರೆದಿದ್ದಾರೆ. ಹುಡುಕುವ ಮೊದಲು ಸಾಧ್ಯವಿರುವ ಕಾಗುಣಿತಗಳನ್ನೆಲ್ಲ ಪಟ್ಟಿ ಮಾಡಿಸುವುದು ಇಲ್ಲಿನ ಇನ್ನೊಂದು ಒಳ್ಳೆಯ ಅಭ್ಯಾಸ.

ಹೆಂಗಸರ ಕಡೆಯ ವಂಶವನ್ನು ಬಿಡಬಾರದೆಂಬ ಅವರ ಪಟ್ಟು ನನಗೆ ತುಂಬ ಹಿಡಿಸಿತು. ಮದುವೆಯಾದೊಡನೆ ಒಕ್ಕ ಬದಲಾಗುವುದರಿಂದ ಅಜ್ಜಿಯಂದಿರ ಮೂಲ ಎರಡೇ ತಲೆಮಾರಿಗೆ ಮಸುಕಾಗುತ್ತದೆ. 1957ರಿಂದ ಮಡಿಕೇರಿಯಿಂದ ಹೊರಬರುತ್ತಿರುವ 'ಶಕ್ತಿ'ಯಂಥ ಸ್ಥಳೀಯ ಪತ್ರಿಕೆಯ ನಿಧನ ವಾರ್ತೆ, ಮದುವೆಯ ಕರೆಯೋಲೆ, ತಿಥಿಯ ಕಾರ್ಡು ಇವುಗಳಲ್ಲಿ ತಾಮನೆಯ ಹೆಸರು ಸಿಗುವ ಸಂಭವ ಹೆಚ್ಚು. ಕಪಾಟಿನಲ್ಲಿ ಕಟ್ಟಿಟ್ಟ ಹಳೆಯ ಕರೆಯೋಲೆಗಳನ್ನು ರದ್ದಿಗೆ ಹಾಕಬೇಡಿ ಎಂದು ಅವರು ಎಲ್ಲರಿಗೂ ಹೇಳುತ್ತಾರೆ. ಕರಡದಲ್ಲಿ 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿಯ ದೆಸೆಯಿಂದ ತರುಣರಿಗೆ ತಮ್ಮ ಒಕ್ಕದ ಗಂಡಸರ ಹೆಸರಾದರೂ ಗೊತ್ತಿರುತ್ತದೆ, ಅಜ್ಜಿಯ ತಾಮನೆ ಕೇಳಿದರೆ ಫೋನು ಹಿಡಿದು ಹೊರಗೆ ಹೋಗುತ್ತಾರೆ.

ಕಂಪ್ಯೂಟರಿನಲ್ಲಿ ಹುಡುಕಿಕೊಡುವ ಭಾಗದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಉಚಿತ ತಾಣವಾದ ಫ್ಯಾಮಿಲಿಸರ್ಚ್‌ನಲ್ಲಿ ಹರಿದ್ವಾರದ ಪಂಡಾಗಳ ಯಾತ್ರಿಕರ ವಹಿಗಳಂಥ ಭಾರತದ ದಾಖಲೆಗಳಿದ್ದರೂ ನಮ್ಮ ಹುಡುಕಾಟಕ್ಕೆ ಅಲ್ಲಿ ದಕ್ಕುವುದು ಕಡಿಮೆ. ಅಲ್ಲಿನ ವಂಶವೃಕ್ಷವನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ, ಆಧಾರ ಕಾಣಿಸದ ಹೆಸರನ್ನು ನಕಲು ಮಾಡಿಕೊಳ್ಳಲು ಅವರು ಬಿಡುವುದಿಲ್ಲ. ಎರಡು ಮಹಾಯುದ್ಧಗಳಲ್ಲಿ ಮಡಿದವರು ಮನೆತನದಲ್ಲಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣ ಉಪಯುಕ್ತ. ಇಂಗ್ಲೆಂಡ್, ಅಮೆರಿಕಗಳಂತೆ ಹಳೆಯ ಜನಗಣತಿಯಲ್ಲಿ ಮನೆಮಂದಿಯ ಹೆಸರು ಸಿಗುತ್ತದೆಂದು ಆಸೆಪಡುವವರಿಗೆ, 1948ರ ಜನಗಣತಿ ಕಾಯ್ದೆಯು ವ್ಯಕ್ತಿಗಳ ಮಾಹಿತಿಯನ್ನು ಗೋಪ್ಯವಾಗಿರಿಸಿದೆ ಎಂದು ಆರಂಭದಲ್ಲೇ ತಿಳಿಸುತ್ತಾರೆ.

ಇನ್ನು ಕೊರತೆಯ ಮಾತು. ಹಾಳೆಯ ಅಂಕಣಗಳೆಲ್ಲ ಒಕ್ಕ, ತಾಮನೆ, ನಾಡು ಎಂಬ ಲೆಕ್ಕಾಚಾರದ ಮೇಲೆಯೇ ನಿಂತಿವೆ. ಯರವ, ಕುರುಬ ಸಮುದಾಯದವರಿಗೆ, ಹೊರಗಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದು ಲೈನ್‌ಮನೆಗಳಲ್ಲಿ ತಲೆಮಾರುಗಳನ್ನು ಕಳೆದವರಿಗೆ ಅಲ್ಲಿ ತುಂಬಲು ಏನೂ ಉಳಿಯುವುದಿಲ್ಲ. ಲೈನ್‌ಮನೆಯಲ್ಲಿ ಬೆಳೆದ ತರುಣಿಯೊಬ್ಬಳು ಅರ್ಧ ಖಾಲಿಯಾದ ಹಾಳೆ ಹಿಡಿದು ಕುಳಿತಿದ್ದಳು. "ಒಕ್ಕ ಬಿಡಿ, ಅಜ್ಜಿ ಯಾವ ತೋಟದಲ್ಲಿದ್ದರು ಅಂತ ಬರೆಯಿರಿ," ಎಂದು ಗ್ರಂಥಪಾಲಕಿ ಸಮಾಧಾನ ಹೇಳಿದರಾದರೂ ಅಲ್ಲಿಂದ ಮುಂದಿನ ದಾರಿ ಅವರ ಬಳಿ ಸಿದ್ಧವಾಗಿರಲಿಲ್ಲ. ಶಾಲೆಯ ದಾಖಲಾತಿ ಪುಸ್ತಕ, ತೋಟದ ಹಾಜರಿ ಪುಸ್ತಕ, ಹಳೆಯ ಮತದಾರರ ಪಟ್ಟಿ, ಪಡಿತರ ಚೀಟಿ, ಕ್ರೈಸ್ತರಾದರೆ ಚರ್ಚಿನ ಜ್ಞಾನಸ್ನಾನದ ದಾಖಲೆ ಇವೆಲ್ಲ ಇಂಥವರಿಗೆ ಆಧಾರವಾಗಬಲ್ಲವು. ಇವನ್ನು ವಿವರಿಸುವ ಎರಡನೆಯ ಹಾಳೆಯೊಂದನ್ನು ಮಾಡುವುದಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಬೇಕು. ಸಾರ್ವಜನಿಕ ಗ್ರಂಥಾಲಯವಾಗಿ ಇದು ಸಣ್ಣ ಲೋಪವೆಂದು ನಾನು ಒಪ್ಪಲಾರೆ.

ಸ್ಕ್ಯಾನರಿನ ಬಗ್ಗೆಯೂ ದೂರಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು ಕಡೆ ಗುಡ್ಡ ಕುಸಿದು ಮನೆಯ ಜೊತೆಗೇ ಕಾಗದಪತ್ರಗಳನ್ನೂ ಕಳೆದುಕೊಂಡವರನ್ನು ಕಂಡ ಜಿಲ್ಲೆಯಲ್ಲಿ, ಓದುಗರು ತಂದ ಹಳೆಯ ಪತ್ರಗಳ ಪ್ರತಿ ತೆಗೆದುಕೊಡುವುದು ಈ ಸೇವೆಯ ಮುಖ್ಯ ಕೆಲಸವಾಗಬೇಕಿತ್ತು. ಇರುವ ಒಂದೇ ಯಂತ್ರವನ್ನು ಬಳಸಲು ಬೇರೊಬ್ಬ ಸಿಬ್ಬಂದಿಗಾಗಿ ಕಾಯಬೇಕು, ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ಹೋಗುವವರು ಮನೆಯಲ್ಲಿಯೇ ಹಗಲು ಬೆಳಕಿನಲ್ಲಿ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಂಡು, ಮೂಲ ಪ್ರತಿಯನ್ನು ಮನೆಯಲ್ಲೇ ಬಿಟ್ಟು, ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪುವುದು ಒಳ್ಳೆಯದು. ಆಮೇಲೆ ಸರದಿ ಉದ್ದವಾಗುತ್ತದೆ.